ಒಂಬತ್ತು ಸೀಟು ಗೆದ್ದು ಮಾಯವಾದ ಪಾರ್ಟಿ

ನಿನ್ನೆಯಿಂದ ಸ್ಪೇನಿನ ಉತ್ತರಕ್ಕಿರೋ ಬಾಸ್ಕ್ ಪ್ರಾಂತ್ಯದ ಇಎಚ್‌ಎಕೆ ಅನ್ನೋ ಪಾರ್ಟಿ ಕಥೆ ತಲೇಲಿ ಕೊರೀತಾ ಇದೆ. 2002ರಲ್ಲಿ ರಿಜಿಸ್ಟರ್ ಆಗಿದ್ದ ಪುಟ್ಟ ಕಮ್ಯುನಿಸ್ಟ್ ಪಾರ್ಟಿ, ಹೆಸರೇ ಯಾರಿಗೂ ಗೊತ್ತಿರ್ಲಿಲ್ಲ. 2003ರಲ್ಲಿ ಸ್ಪೇನಿನ ಸುಪ್ರೀಂ ಕೋರ್ಟು ಬಾಸ್ಕ್ ಸ್ವಾತಂತ್ರ್ಯಕ್ಕೆ ಬಂದೂಕು ಹಿಡಿದಿದ್ದ ಈಟಿಎ ಸಂಘಟನೆ ಜೊತೆ ನಂಟಿದೆ ಅಂತ ಬಟಾಸುನಾ ಅನ್ನೋ ಪ್ರತ್ಯೇಕತಾವಾದಿ ಪಾರ್ಟಿನ ಬ್ಯಾನ್ ಮಾಡ್ತು, 2005ರ ಬಾಸ್ಕ್ ಪ್ರಾಂತ್ಯದ ಎಲೆಕ್ಷನ್‌ಗೆ ಅಂತ ಮಾಡ್ಕೊಂಡಿದ್ದ ಇನ್ನೊಂದು ಅಭ್ಯರ್ಥಿಗಳ ಪಟ್ಟಿನೂ ರದ್ದಾಯ್ತು, ಆಗ ಬಟಾಸುನಾದವ್ರು ಇವರಿಗೇ ವೋಟ್ ಹಾಕಿ ಅಂದ್ರು ನೋಡಿ, ಸುಮಾರು ಒಂದೂವರೆ ಲಕ್ಷ ವೋಟು, 75ರಲ್ಲಿ 9 ಸೀಟು!

ಆಮೇಲಿಂದು ಇನ್ನೂ ಮಜಾ. ಪಿಎನ್‌ವಿ ಅನ್ನೋ ಬಾಸ್ಕ್ ರಾಷ್ಟ್ರೀಯವಾದಿ ಪಾರ್ಟಿಯ ಇಬಾರೆಚೆ ಮತ್ತೆ ಬಾಸ್ಕ್ ಸರ್ಕಾರದ ಮುಖ್ಯಸ್ಥ ಆಗ್ಬೇಕಾದ್ರೆ ಇವರ ವೋಟು ಇಲ್ದೆ ಆಗದ ಪರಿಸ್ಥಿತಿ, ಇವರ 9 ಜನರಲ್ಲಿ ಇಬ್ಬರು ಮಾತ್ರ ಅವನಿಗೆ ಒತ್ತಿದ್ರು, 34ಕ್ಕೆ 33, ಗೆದ್ದುಬಿಟ್ಟ. ಲೆಕ್ಕಾಚಾರ ಅಂದ್ರೆ ಇದು ಕಣ್ರೀ.

2008ರಲ್ಲಿ ಇದೂ ಬ್ಯಾನು. 2009ರ ಎಲೆಕ್ಷನ್‌ನಲ್ಲಿ ಹತ್ತಿರಹತ್ತಿರ 1 ಲಕ್ಷ ಜನ ಬೂತ್‌ಗೆ ಹೋಗಿ ಅಸಿಂಧು ವೋಟು ಹಾಕಿ ಬಂದ್ರು, ಆ ಸಲ ಸೋಷಿಯಲಿಸ್ಟ್ ಪಾರ್ಟಿಯ ಪಾಚಿ ಲೋಪೆಸ್ ಗದ್ದುಗೆ ಏರಿದ. ಈಟಿಎ ಕೊಂದೋರ ಮನೆಯವರಿಗೆ ಈ ಬ್ಯಾನ್ ನ್ಯಾಯ ಅನ್ನಿಸಿರುತ್ತೆ, ಅದನ್ನ ತಳ್ಳಿಹಾಕೋಕೆ ನಂಗೆ ಮನಸ್ಸಿಲ್ಲ. ಆದ್ರೂ ಬೋರ್ಡ್ ಕಿತ್ರೆ ವೋಟರ್ ಎಲ್ಲಿಗೆ ಹೋಗ್ತಾನೆ ಹೇಳಿ? ಆ ಬಟಾಸುನಾ ಕಡೆಯವರೂ ಸೇರಿರೋ ಇಎಚ್ ಬಿಲ್ಡು ಅನ್ನೋ ಕೂಟ 2024ರ ಬಾಸ್ಕ್ ಎಲೆಕ್ಷನ್‌ನಲ್ಲಿ 27 ಸೀಟು ತಗೊಂಡು ಪಿಎನ್‌ವಿ ಸಮಕ್ಕೆ ನಿಂತಿದೆ, ಈಟಿಎ ಮಾತ್ರ 2018ರಲ್ಲೇ ಬಾಗಿಲು ಹಾಕ್ಕೊಂಡಿತ್ತು.