ಗೊಬ್ಬರದ ರಾಶಿ ಹಸಿರಾದ ದಿನ

ಗೋಣಿಚೀಲ ಎತ್ತಿದೆ. ಕಂಡಿದ್ದು ಬರೀ ಬೂಷ್ಟು. ಹನ್ನೆರಡು ದಿನ ನೆರಳಲ್ಲಿಟ್ಟು, ಮೂರು ದಿನಕ್ಕೊಮ್ಮೆ ನೀರು ಚಿಮುಕಿಸಿ ನೋಡಿಕೊಂಡಿದ್ದ 100 ಕೆಜಿ ಕೊಟ್ಟಿಗೆ ಗೊಬ್ಬರದ ಮೇಲೆಲ್ಲ ಹಸಿರು ಪುಡಿ. "ಅಯ್ಯೋ, ಇದೂ ಹಾಳಾಯ್ತಲ್ಲ" ಅಂದುಕೊಂಡು ಎಸೆಯೋಕೆ ಬುಟ್ಟಿ, ಗುದ್ದಲಿ ತಂದೆ.

"ಇದೂ" ಅಂದಿದ್ದಕ್ಕೆ ಕಾರಣ ಹಿಂದಿನ ಸಲದ ಕ್ಯಾರೆಟ್. ಕೀಳೋಕೆ ಇನ್ನೇನು ಹದಿನೈದು ದಿನ ಇತ್ತು. ಸೊಪ್ಪು ಹರಡಿ ಮಡಿಯನ್ನೇ ಮುಚ್ಚಿತ್ತು, ಅಡಿಯಲ್ಲಿ ಯಾವಾಗಲೂ ತೇವ. ಅಲ್ಲೊಂದು ಇಲ್ಲೊಂದು ಗಿಡ ಹಳದಿಯಾಗಿ ಜೋತು ಬಿತ್ತು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಯಿಸಿದೆ. ಆಮೇಲೆ ಒಂದನ್ನು ಹಿಡಿದು ಎಳೆದರೆ ಸೊಪ್ಪು ಕೈಗೆ ಬಂತು, ಗೆಡ್ಡೆ ಮಣ್ಣಲ್ಲೇ ಉಳಿಯಿತು. ಕೆದಕಿ ನೋಡಿದೆ. ಗೆಡ್ಡೆಯ ಕುತ್ತಿಗೆ ಮೆತ್ತಗಾಗಿತ್ತು. ಸುತ್ತ ಹತ್ತಿ ಹಿಂಜಿ ಅಂಟಿಸಿದ ಹಾಗೆ ಬಿಳಿ ಎಳೆಗಳು, ಅದರ ನಡುವೆ ಸಾಸಿವೆಯಂಥ ಕಂದು ಕಾಳುಗಳು. ಒಂದನ್ನು ಬೆರಳ ನಡುವೆ ಇಟ್ಟು ಒತ್ತಿದೆ. ಒಡೆಯಲಿಲ್ಲ. ಸ್ಕ್ಲೆರೋಷಿಯಂ ರೋಲ್ಫ್ಸಿ ಎನ್ನುವ ಶಿಲೀಂಧ್ರದ ಗಂಟುಗಳು ಅವು. ಬೆಳೆ ಹೋದರೂ ಅವು ವರ್ಷಗಟ್ಟಲೆ ಮಣ್ಣಲ್ಲಿ ಕಾದು ಕೂತಿರುತ್ತವೆ.

ಆಗ ಗಾಬರಿಯಲ್ಲಿ ನಾನು ಮಾಡಿದ್ದೆಲ್ಲ ಎಡವಟ್ಟೇ. ಮೊದಲು ಮಡಿಗೆ ಶಿಲೀಂಧ್ರ ಕೊಲ್ಲುವ ಔಷಧಿ ಕಾರ್ಬೆಂಡಜಿಮ್ ಸುರಿದೆ. ಎರಡೇ ದಿನಕ್ಕೆ, ಮಟಮಟ ಮಧ್ಯಾಹ್ನ, ಟ್ರೈಕೋಡರ್ಮಾ ಪುಡಿಯನ್ನು, ಅಂದರೆ ರೋಗದ ಶಿಲೀಂಧ್ರವನ್ನು ತಿನ್ನುವ ಒಳ್ಳೆ ಶಿಲೀಂಧ್ರವನ್ನು, ಒಣ ಮಣ್ಣಿನ ಮೇಲೆ ಎರಚಿದೆ. ಆ ಔಷಧಿಗೆ ಒಳ್ಳೆ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅನ್ನೋ ಭೇದ ಎಲ್ಲಿಂದ ಬರಬೇಕು? ಟ್ರೈಕೋಡರ್ಮಾ ಅದಕ್ಕೆ ಸುಲಭವಾಗಿ ಸಾಯುತ್ತದೆ. ಸ್ಕ್ಲೆರೋಷಿಯಂಗೆ ಮಾತ್ರ ಅದು ಅಷ್ಟಾಗಿ ತಟ್ಟುವುದೇ ಇಲ್ಲ. ಅಳಿದುಳಿದದ್ದನ್ನು ಬಿಸಿಲು ಸುಟ್ಟಿತು. ಇಷ್ಟರ ಮೇಲೆ ಪ್ಯಾಕೆಟ್ಟಿನ ಅವಧಿ ಮುಗಿದು ಮೂರು ತಿಂಗಳಾಗಿತ್ತು. ಅದನ್ನು ನೋಡಿದ್ದು ಎಲ್ಲ ಮುಗಿದ ಮೇಲೆ. ಇದೆಲ್ಲ ಸುಮ್ನೆ ಬೂದಿ ಮಾರೋ ವ್ಯವಹಾರ ಅಂತ ಸಿಕ್ಕಸಿಕ್ಕವರ ಹತ್ತಿರ ಬೈಕೊಂಡು ತಿರುಗಿದ್ದೆ ಬೇರೆ.

ಈ ಸಲ ಟ್ರೈಕೋಡರ್ಮಾವನ್ನು ಗೊಬ್ಬರದಲ್ಲಿ ಬೆಳೆಸಿ ಹಾಕು ಅಂತ ಹೇಳಿಕೊಟ್ಟಿದ್ದು ಅಕ್ಕ. ಗಿಡಗಳ ರೋಗದ ಬಗ್ಗೆ ಓದಿದವಳು. ಎಸೆಯೋ ಮುಂಚೆ ಅವಳಿಗೊಂದು ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಎಸೀಬೇಡ ಕಣೋ! ಅದೇ ಟ್ರೈಕೋಡರ್ಮಾ. ಹಸಿರಾಗ್ಲಿ ಅಂತ ತಾನೇ ಇಷ್ಟು ದಿನ ಕಾದಿದ್ದು? ಮೂಸಿ ನೋಡು."

ಮೂಸಿದೆ. ಗೊಬ್ಬರದ ಘಾಟು ಇರಲಿಲ್ಲ. ಸಣ್ಣಗೆ ಕೊಬ್ಬರಿ ವಾಸನೆ! ಕೆಲವು ಟ್ರೈಕೋಡರ್ಮಾಗಳು ಹಾಗೆ ವಾಸನೆ ಬರುವ ವಸ್ತುವೊಂದನ್ನು ಬಿಡುತ್ತವಂತೆ. ನಾನು ಬೆರೆಸಿದ್ದ 1 ಕೆಜಿ ಪುಡಿ 100 ಕೆಜಿ ಗೊಬ್ಬರದ ತುಂಬ ಹಬ್ಬಿಕೊಂಡಿತ್ತು. ಹೋದ ಸಲ ನಾನು ಎರಚಿದ್ದಕ್ಕೆ ತಿನ್ನೋಕೆ ಏನೂ ಇರಲಿಲ್ಲ, ಈ ಸಲ ಹೊಟ್ಟೆ ತುಂಬ ಇತ್ತು.

ಟ್ರೈಕೋಡರ್ಮಾ ಶತ್ರು ಶಿಲೀಂಧ್ರದ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಅದರ ಗೋಡೆಯನ್ನು ಕಿಣ್ವಗಳಿಂದ ಕರಗಿಸಿ ಒಳಗಿನದನ್ನು ತಿನ್ನುತ್ತದೆ. ಹೀಗೆ ಸುತ್ತಿಕೊಂಡು ತಿನ್ನುವುದನ್ನು ವೈಂಡ್ಲಿಂಗ್ ಎನ್ನುವ ವಿಜ್ಞಾನಿ 1932ರಲ್ಲೇ ತೋರಿಸಿಕೊಟ್ಟಿದ್ದರು. ನನಗೆ ಗೊತ್ತಾಗೋಕೆ ಒಂದು ಬೆಳೆ ಕೊಳೆಯಬೇಕಾಯಿತು.

ಅವತ್ತು ಬಿಸಿಲಿಳಿದ ಮೇಲೆ ಗೊಬ್ಬರವನ್ನು ಮಡಿಯ ಮೇಲ್ಮಣ್ಣಿಗೆ ಬೆರೆಸಿ ನೀರು ಕೊಟ್ಟೆವು. ಗೊಬ್ಬರ ಚೆನ್ನಾಗಿ ಕಳಿತಿತ್ತು. ಹಸಿ ಗೊಬ್ಬರ ಹಾಕಿದರೆ ಕ್ಯಾರೆಟ್ ಕವಲೊಡೆಯುತ್ತದೆ, ಆ ಪಾಠ ಅದಕ್ಕೂ ಹಿಂದೆಯೇ ಆಗಿತ್ತು. ಬೀಜಕ್ಕೆ ಸೂಡೋಮೊನಾಸ್ ಪುಡಿ ಲೇಪಿಸಿ ನೆರಳಲ್ಲಿ ಆರಿಸಿದೆ. ಈ ಬ್ಯಾಕ್ಟೀರಿಯಾ ಬೇರಿನ ಸುತ್ತ ಇರುವ ಕಬ್ಬಿಣವನ್ನು ಬಾಚಿಕೊಂಡು ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ.

ಬೆಳೆ ಬಂತು. ಪೂರ್ತಿ ಗೆದ್ದೆ ಅಂದರೆ ಸುಳ್ಳಾಗುತ್ತದೆ. ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ ಈ ಸಲವೂ ಕೊಳೆತವು. ಉಳಿದ ಕಡೆ ಹುಡುಕಿದರೆ ಒಂದೆರಡು. ಅದೆಲ್ಲ ಟ್ರೈಕೋಡರ್ಮಾದ ಪುಣ್ಯವೇ ಅನ್ನೋಕೂ ಆಗಲ್ಲ. ನೀರು ಕಮ್ಮಿ ಮಾಡಿದ್ದೆ, ಗಿಡಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟಿದ್ದೆ. ಯಾವುದರಿಂದ ಎಷ್ಟು ಅಂತ ಹೇಗೆ ಹೇಳೋದು?

ತಗ್ಗಿನ ಮೂಲೆಯಲ್ಲಿ ಕೊಳೆತ ಗೆಡ್ಡೆಗಳನ್ನು ಮಣ್ಣಿನ ಸಮೇತ ಬಕೆಟ್ಟಿಗೆ ತುಂಬುತ್ತಿದ್ದಾಗ ಮತ್ತೆ ಅದೇ ಸಾಸಿವೆ ಕಾಳು ಕಂಡವು. ಕೆಲವು ಮೊದಲಿನ ಹಾಗೇ ಗಟ್ಟಿ. ಒಂದರ ಮೇಲೆ ಮಾತ್ರ ಹಸಿರು ಪುಡಿ ಹತ್ತಿತ್ತು. ಬೆರಳ ನಡುವೆ ಇಟ್ಟು ಒತ್ತಿದೆ. ಪಿಚಕ್ ಅಂತ ಒಡೆಯಿತು. ಒಳಗೆ ಟೊಳ್ಳು.