ಆ ಕೊಡೆ

ಸಂಜೆ ಜೋರು ಮಳೆ. ಸುಮ್ನೆ 'ಮೈ ನೇಬರ್ ಟೊಟೊರೊ' ಅನ್ನುವ ಜಪಾನಿನ ಅನಿಮೇಶನ್ (ಅನಿಮೆ) ಸಿನಿಮಾವನ್ನು ಮತ್ತೆ ಹಾಕಿಕೊಂಡು ಕೂತೆ. ಬಸ್ ಸ್ಟಾಪ್ ದೃಶ್ಯವನ್ನೇ ಮೂರು ಸಲ ನೋಡಿದೆ.

ಕತ್ತಲು, ಮಳೆ. ನಿದ್ದೆ ಹೋದ ತಂಗಿಯನ್ನು ಬೆನ್ನಿಗೆ ಹೊತ್ತು ಸಾತ್ಸುಕಿ ಅಪ್ಪನಿಗೆ ಕಾಯುತ್ತಿದ್ದಾಳೆ. ಪಕ್ಕದಲ್ಲಿ ಬಂದು ನಿಲ್ಲುತ್ತದೆ ಆ ದೊಡ್ಡ ಟೊಟೊರೊ, ಕಾಡಿನ ವಿಚಿತ್ರ ಜೀವಿ. ತಲೆ ಮೇಲೆ ಬರೀ ಒಂದು ಎಲೆ. ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಕೊಡೆ ಮೇಲೆ ಹನಿ ಬಿದ್ದು ಟಪ್ ಅನ್ನುತ್ತದೆ. ಅಷ್ಟಕ್ಕೇ ಅದಕ್ಕೆ ಎಷ್ಟು ಖುಷಿ! ಒಮ್ಮೆ ಜೋರಾಗಿ ಕುಪ್ಪಳಿಸುತ್ತದೆ, ಮರಗಳಲ್ಲಿದ್ದ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ.

ಕಥೆ ಅಂತ ನೋಡಿದರೆ ಅಲ್ಲಿ ಹೆಚ್ಚೇನೂ ಇಲ್ಲ, ಅಲ್ವಾ? 1988ರ ಸಿನಿಮಾ. ನಿರ್ದೇಶಕ ಮಿಯಾಝಾಕಿ ಇದರಲ್ಲಿ ಒಬ್ಬ ವಿಲನ್ ಕೂಡ ಇಟ್ಟಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಅನ್ನುವ ಭಯವೇ ಸಾಕಾಗಿದೆ.

ಕೆಲವು ಅನಿಮೆಗಳಲ್ಲಿ ಹೊಡೆದಾಟದ ಮಧ್ಯೆ ನಿಂತು ತಮ್ಮ ಬಾಲ್ಯದ ನೋವನ್ನೆಲ್ಲ ಹೇಳುತ್ತಾರಲ್ಲ, ಅದು ನನಗೆ ಆಗಿಬರುವುದಿಲ್ಲ. ಎಲ್ಲಿ ಅಳಬೇಕು ಅಂತ ಅವರೇ ತೋರಿಸಿಬಿಟ್ಟರೆ ಅಳು ಬರುವುದೇ ಇಲ್ಲ.

ಸಾತ್ಸುಕಿ ಹಾಗಲ್ಲ. ಅಷ್ಟು ದಿನ ದೊಡ್ಡವಳ ಹಾಗೆ ಅಡುಗೆ ಮಾಡಿ, ತಂಗಿಯನ್ನು ನೋಡಿಕೊಂಡವಳು, ಪಕ್ಕದ ಮನೆ ಅಜ್ಜಿಯ ಮುಂದೆ ಒಮ್ಮೆಲೇ ಮಗುವಿನ ಹಾಗೆ ಅತ್ತುಬಿಡುತ್ತಾಳೆ. ಇವತ್ತೂ ನನ್ನ ಕಣ್ಣು ತುಂಬಿತು.