ದೇಶದ ಆರ್ಥಿಕತೆ ಕಟ್ಟಿದ್ದು ಧಣಿಗಳೋ, ಸರ್ಕಾರವೋ?

ಮಂಗಳೂರಿನ ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುವ ನನಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ತರಗತಿಯಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳುತ್ತಾರೆ: "ಅಲ್ಲ ಸರ್, ಈ ದೇಶ ಮುಂದೆ ಬಂದದ್ದು ಟಾಟಾ, ಬಿರ್ಲಾ ಅಂಥವರಿಂದಲಾ, ಸರ್ಕಾರದಿಂದಲಾ?" ಎರಡರಲ್ಲಿ ಒಂದನ್ನು ಹೇಳಿ ಮುಗಿಸಲು ನನಗಾಗುವುದಿಲ್ಲ. ನಮ್ಮ ದೊಡ್ಡ ಉದ್ಯಮಿಗಳು ಕಾರ್ಖಾನೆ ಕಟ್ಟಿದ್ದು ಹೌದು. ಆದರೆ ಅವರ ಪ್ರಭಾವ ಅದಕ್ಕಿಂತ ಹೆಚ್ಚಾಗಿ ಕಾಣುವುದು ಈ ದೇಶಕ್ಕೆ ಎಂಥ ಸರ್ಕಾರ ಬೇಕು ಎಂದು ಅವರು ಹೇಳಿದ್ದರಲ್ಲಿ.

ಜಮ್ಶೆಡ್‌ಪುರವನ್ನೇ ನೋಡಿ. 1907ರಲ್ಲಿ ಟಾಟಾರ ಉಕ್ಕಿನ ಕಂಪನಿಗೆ ಲಂಡನ್ನಿನಲ್ಲಿ ಬಂಡವಾಳ ಹುಟ್ಟಲಿಲ್ಲ. ಸ್ವದೇಶಿ ಚಳವಳಿಯ ಕಾವಿನಲ್ಲಿ ಸುಮಾರು 8,000 ಭಾರತೀಯರು ಮೂರೇ ವಾರದಲ್ಲಿ ಷೇರು ಕೊಂಡರು. ಇದು ಎಲ್ಲರೂ ಹೆಮ್ಮೆಯಿಂದ ಹೇಳುವ ಭಾಗ. ಹತ್ತು ವರ್ಷ, ವರ್ಷಕ್ಕೆ 20,000 ಟನ್ ರೈಲು ಕಂಬಿ ಕೊಳ್ಳುವುದಾಗಿ ಅಂದಿನ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತ್ತು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮೊದಲ ಮಹಾಯುದ್ಧ ಮುಗಿದು ಯುರೋಪಿನ ಅಗ್ಗದ ಉಕ್ಕು ಬಂದು ಬಿದ್ದಾಗ ಕಂಪನಿ ಉಳಿದದ್ದು ಹೊರಗಿನ ಉಕ್ಕಿನ ಮೇಲೆ ಸರ್ಕಾರ ಹಾಕಿದ 1924ರ ರಕ್ಷಣಾ ಸುಂಕದಿಂದ.

ಇನ್ನೊಂದು ಕಥೆ ರೂಪಾಯಿ ದರದ್ದು. ಇದನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. 1926ರಲ್ಲಿ, ಭಾರತದ ಹಣದ ವ್ಯವಸ್ಥೆ ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ ಒಂದು ರೂಪಾಯಿಗೆ 18 ಪೆನ್ಸ್ ದರ ಇರಲಿ ಎಂದಿತು. ಆಯೋಗದ ಸದಸ್ಯರಾಗಿದ್ದ ಮುಂಬಯಿಯ ಉದ್ಯಮಿ ಪುರುಷೋತ್ತಮದಾಸ್ ಠಾಕೂರ್‌ದಾಸ್ ಒಪ್ಪದೆ, 16 ಪೆನ್ಸೇ ಸರಿ ಎಂದು ಭಿನ್ನಮತ ಬರೆದರು. ಎರಡು ಪೆನ್ಸಿಗೆ ಇಷ್ಟು ಗಲಾಟೆ ಯಾಕೆ ಎಂದು ಮಕ್ಕಳಿಗೆ ಅನಿಸುತ್ತದೆ. ಆಗ ಹೇಳುತ್ತೇನೆ: ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ಬಂದು ಇಲ್ಲೇ ನಮ್ಮ ಮಂಗಳೂರಿನಲ್ಲಿ ಸಂಸ್ಕರಣೆಯಾಗಿ ಹಡಗು ಹತ್ತುತ್ತಿತ್ತು. ಲಂಡನ್ನಿನಲ್ಲಿ ಆ ಮಾಲಿಗೆ 100 ಪೌಂಡ್ ಬಂತು ಅಂದುಕೊಳ್ಳಿ. ಪೌಂಡಿಗೆ 240 ಪೆನ್ಸ್. 16ರ ದರದಲ್ಲಿ ಇಲ್ಲಿ ಕೈಗೆ ಸಿಗುವುದು 1,500 ರೂಪಾಯಿ. 18ರ ದರದಲ್ಲಿ 1,333 ರೂಪಾಯಿ 5 ಆಣೆ 4 ಪೈ. ಮಾಲು ಅದೇ, ಲಂಡನ್ನಿನ ಬೆಲೆಯೂ ಅದೇ, ಬೆಳೆಗಾರನ ಕಡೆ ಬರುವ ದುಡ್ಡಿನಲ್ಲಿ 166 ರೂಪಾಯಿ ಖೋತಾ. ಅತ್ತ ಲ್ಯಾಂಕಾಶೈರಿನ ಬಟ್ಟೆ ಇಲ್ಲಿ ನೂರಕ್ಕೆ 11ರಷ್ಟು ಅಗ್ಗವಾಗುತ್ತದೆ, ಅಹಮದಾಬಾದಿನ ಮಿಲ್ಲಿಗೆ ಪೆಟ್ಟು ಬೀಳುತ್ತದೆ. ಸರ್ಕಾರಕ್ಕೆ ಬೇಕಾದದ್ದು ಆ 18ರ ದರವೇ. ಪಿಂಚಣಿ, ಬಡ್ಡಿ ಎಂದು ಅದು ಲಂಡನ್ನಿಗೆ ಪೌಂಡಿನಲ್ಲಿ ಕಟ್ಟಬೇಕಾದ ಹಣ ರೂಪಾಯಿ ಲೆಕ್ಕದಲ್ಲಿ ಕಡಿಮೆಯಾಗುತ್ತಿತ್ತು.

1927ರಲ್ಲಿ 18 ಪೆನ್ಸೇ ಕಾನೂನಾಯಿತು. ಉದ್ಯಮಿಗಳು ಸೋತರು. ಎಷ್ಟೇ ದೊಡ್ಡ ಮಿಲ್ಲಿದ್ದರೂ ದೆಹಲಿಯಲ್ಲಿ ತಮ್ಮದಾದ ಸರ್ಕಾರ ಇಲ್ಲದಿದ್ದರೆ ಏನೂ ನಡೆಯದು ಎಂಬುದು ಅವರಿಗೆ ಮನದಟ್ಟಾದ ಕಾಲ ಇದು ಎಂದು ನನ್ನ ಅಭಿಪ್ರಾಯ. ಠಾಕೂರ್‌ದಾಸ್, ಘನಶ್ಯಾಮದಾಸ್ ಬಿರ್ಲಾ ಮುಂತಾದವರು ವಾಣಿಜ್ಯ ಸಂಘಗಳ ಒಕ್ಕೂಟವಾದ ಫಿಕ್ಕಿಯನ್ನು ಕಟ್ಟಿದ್ದೂ ಅದೇ 1927ರಲ್ಲಿ.

ಹದಿನೇಳು ವರ್ಷದ ನಂತರ, 1944ರ ಜನವರಿಯಲ್ಲಿ, ದೇಶದ ಆರ್ಥಿಕತೆಗೆ ಉದ್ಯಮಿಗಳೇ ಬರೆದ ಯೋಜನೆಯಾದ ಬಾಂಬೆ ಪ್ಲಾನ್ ಬಂತು. ಸಹಿ ಹಾಕಿದವರು ಎಂಟು ಜನ, ಜೆ.ಆರ್.ಡಿ. ಟಾಟಾ, ಬಿರ್ಲಾ, ಠಾಕೂರ್‌ದಾಸ್, ಕಸ್ತೂರ್‌ಭಾಯಿ ಲಾಲ್‌ಭಾಯಿ, ಲಾಲಾ ಶ್ರೀರಾಮ್, ಜಾನ್ ಮಥಾಯ್ ಅವರಲ್ಲಿ ಸೇರಿದ್ದರು. 15 ವರ್ಷದಲ್ಲಿ 10,000 ಕೋಟಿ ರೂಪಾಯಿ ಹೂಡಿ ತಲಾ ಆದಾಯವನ್ನು ಎರಡು ಪಟ್ಟು ಮಾಡುವುದು ಗುರಿ. ಅದರಲ್ಲಿ ಕೈಗಾರಿಕೆಗೆ 4,480 ಕೋಟಿ, ಕೃಷಿಗೆ 1,240 ಕೋಟಿ, ಶಿಕ್ಷಣಕ್ಕೆ 490 ಕೋಟಿ. ಆ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಮುಂದಿನ ಭಾರತದ ಒಲವು ಎತ್ತ ಎಂದು ಆಗಲೇ ಗೊತ್ತಾಗುತ್ತದೆ. ಆರ್ಥಿಕತೆಯ ಮೇಲೆ ಸರ್ಕಾರದ ಹತೋಟಿ ಬೇಕು, ಮೂಲ ಕೈಗಾರಿಕೆಗಳಲ್ಲಿ ಸರ್ಕಾರ ಕೈಹಾಕಬೇಕು ಎಂದು ಬರೆದವರು ಬಂಡವಾಳಶಾಹಿಗಳೇ. ಪಂಚವಾರ್ಷಿಕ ಯೋಜನೆಗಳ ಕಾಲವನ್ನು ನೆಹರೂ ಒಬ್ಬರ ತಲೆಗೆ ಕಟ್ಟುವವರು ಇದನ್ನು ಒಮ್ಮೆ ಓದಬೇಕು. ಮುಂದೆ ಹಣಕಾಸು ಸಚಿವರಾದ ಮಥಾಯ್, ಯೋಜನಾ ಆಯೋಗದ ವಿಷಯದಲ್ಲೇ ಭಿನ್ನಾಭಿಪ್ರಾಯ ಬಂದು 1950ರಲ್ಲಿ ರಾಜೀನಾಮೆ ಕೊಟ್ಟರು. ಬಯಸಿದ ಹತೋಟಿ ಬಂದಾಗ ಅದರ ಚುಕ್ಕಾಣಿ ಬೇರೆಯವರ ಕೈಯಲ್ಲಿತ್ತು.

ಆದರೂ ದೊಡ್ಡ ಮನೆತನಗಳು ಅದರಲ್ಲೇ ದಾರಿ ಕಂಡುಕೊಂಡವು. 1951ರ ಕಾಯ್ದೆಯ ನಂತರ ಲೈಸೆನ್ಸ್ ಇಲ್ಲದೆ ದೊಡ್ಡ ಕಾರ್ಖಾನೆ ತೆರೆಯುವಂತಿರಲಿಲ್ಲ. ಒಂದೇ ವಸ್ತುವಿಗೆ ಹಲವು ಅರ್ಜಿ ಹಾಕಿ, ಲೈಸೆನ್ಸ್ ಪಡೆದು, ಕಾರ್ಖಾನೆ ಕಟ್ಟದೆಯೇ ಹಿಡಿದಿಟ್ಟುಕೊಂಡು ಉಳಿದವರ ದಾರಿ ಮುಚ್ಚುವುದು ನಡೆಯಿತು. 1967ರಲ್ಲಿ, ಲೈಸೆನ್ಸ್ ವ್ಯವಸ್ಥೆಯನ್ನು ಪರಿಶೀಲಿಸಿದ ಆರ್.ಕೆ. ಹಜಾರಿ ವರದಿ ಬಿರ್ಲಾ ಸಮೂಹದ ಹೆಸರೆತ್ತಿಯೇ ಇದನ್ನು ಹೇಳಿತು. ಧಣಿಗಳನ್ನು ನಾನು ಎಷ್ಟೇ ಮೆಚ್ಚಿದರೂ ಇದನ್ನು ಮಾತ್ರ ಕ್ಷಮಿಸಲಾರೆ. ಬಂಡವಾಳ, ಕಸುಬು ಎರಡೂ ಇದ್ದ ಎಷ್ಟೋ ಸಣ್ಣ ಊರಿನವರು ಅರ್ಜಿ ಹಿಡಿದು ಕಾದು ಕಾದು ಸೋತರು.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ನಮ್ಮೂರಿನವರು ಯಾಕೆ ಟಾಟಾ ಆಗಲಿಲ್ಲ ಸರ್?" ನಮ್ಮವರು ಬ್ಯಾಂಕು ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈಯವರು ಸೇರಿ ಶುರುಮಾಡಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಿಂದ ಅದರ ಏಜೆಂಟರು ಪಿಗ್ಮಿ ಪುಸ್ತಕ ಹಿಡಿದು ಅಂಗಡಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದರು.

ದೇಶದ ದೊಡ್ಡ ಬ್ಯಾಂಕುಗಳ ರೀತಿ ಬೇರೆ ಇತ್ತು. ಯುನೈಟೆಡ್ ಕಮರ್ಷಿಯಲ್ ಬ್ಯಾಂಕನ್ನು 1943ರಲ್ಲಿ ಕಟ್ಟಿದ್ದು ಬಿರ್ಲಾರೇ. ಜನರ ಠೇವಣಿ ಕೈಗಾರಿಕೆ, ವ್ಯಾಪಾರದ ಕಡೆಗೇ ಹರಿಯುತ್ತಿತ್ತು; 1967ರ ಹೊತ್ತಿಗೆ ಬ್ಯಾಂಕ್ ಸಾಲದಲ್ಲಿ ಕೃಷಿಯ ಪಾಲು ನೂರಕ್ಕೆ ಎರಡರ ಆಸುಪಾಸು. 1969ರ ಜುಲೈ 19ರ ರಾಷ್ಟ್ರೀಕರಣಕ್ಕೆ ಇದೂ ಒಂದು ಕಾರಣ. ಆ ನಿರ್ಧಾರ ಸರಿ ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ. ಆದರೆ 50 ಕೋಟಿ ಠೇವಣಿ ದಾಟಿದವು ಎಂಬ ಒಂದೇ ಅಳತೆಯಲ್ಲಿ 14 ಬ್ಯಾಂಕುಗಳನ್ನು ತೆಗೆದುಕೊಂಡಾಗ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿ ಬಂದವು. ಯಾರಿಗೆ ಸಾಲ ಕೊಟ್ಟಿದ್ದೀರಿ ಎಂದು ಆ ಅಳತೆ ಕೇಳಲಿಲ್ಲ; ಎರಡಾಣೆ ಕೂಡಿಸಿದ ಬ್ಯಾಂಕಿಗೂ ಧಣಿಗಳ ಬ್ಯಾಂಕಿಗೂ ಅದರಲ್ಲಿ ವ್ಯತ್ಯಾಸವಿರಲಿಲ್ಲ. ರಾಷ್ಟ್ರೀಕರಣದ ಮಾತು ಬಂದಾಗ ನಮ್ಮೂರಿನ ಹಿರಿಯರು ನೊಂದುಕೊಂಡರೆ, ಅದರಲ್ಲಿ ನ್ಯಾಯವಿದೆ ಎಂದು ಮಕ್ಕಳಿಗೆ ಹೇಳುತ್ತೇನೆ.